ಎಲುಬಿನ ಫೋಟೋ

ನನ್ನ ಸೋದರಮಾವ ಕೆಟ್ಟ ಮನುಷ್ಯನಾಗಿರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ನನ್ನ ಸಿಟ್ಟು ನನ್ನದು.

ಅಪ್ಪ ತೀರಿಕೊಂಡ ಮೇಲೆ ಅಕ್ಕಿಆಲೂರಿನ ನಮ್ಮ ಮನೆಯಲ್ಲಿ ಮಾವನದೇ ಮಾತು. ನನ್ನ ತಂಗಿ ತೊಟ್ಟಿಲಲ್ಲಿದ್ದಾಗಲೇ ಅವಳನ್ನು ಅವನ ಮಗನಿಗೆ ಗೊತ್ತುಮಾಡಿದ್ದರು. ಐವತ್ತರ ದಶಕದ ಕೊನೆಯಲ್ಲಿ, ಅವಳಿಗೆ ಏಳೆಂಟು ವರ್ಷವಿದ್ದಾಗ, ಬಲ ಮೊಣಕಾಲಿನ ಮೇಲೆ ಗಡ್ಡೆ ಎದ್ದಿತು. ಕುಂಟಾಬಿಲ್ಲೆ ಆಡುವಾಗ ಬಿದ್ದಿರಬೇಕೆಂದು ಅವ್ವ ಅರಿಸಿನ ಹಚ್ಚಿದಳು. ಗಡ್ಡೆ ಬೆಳೆಯುತ್ತಲೇ ಹೋಯಿತು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಕಾಲಿನ ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಕಿಟಕಿಗೆ ಹಿಡಿದು, ಒಂದು ಕಡೆ ಬೆರಳಿಟ್ಟು, "ಇಲ್ಲಿ ನೋಡವ್ವಾ, ಎಲುಬು ಹುಳ ತಿಂದಂಗ ಆಗೇತಿ. ಇದು ಕ್ಯಾನ್ಸರ್. ಕಾಲು ತಗದ್ರ ಹುಡುಗಿ ಉಳದ್ರೂ ಉಳದಾಳು. ತಡಾ ಮಾಡಿದ್ರ ಎದಿಗೆ ಹೋಗತೈತಿ" ಎಂದರು.

"ತಗೀರಿ ಸಾಹೇಬ್ರ. ಕಾಲು ಹೋದ್ರ ಹೋಗ್ಲಿ, ಜೀವ ಇರ್ಲಿ" ಎಂದಳು ಅವ್ವ.

ಮಾವ ಅವಳನ್ನು ಪಕ್ಕಕ್ಕೆ ಸರಿಸಿದ. "ಮನ್ಯಾಗ ಹಿರೇರನ್ನ ಕೇಳಿ ಬರ್ತೇವ್ರಿ" ಎಂದು ಎಕ್ಸ್‌ರೇ ಹಾಳೆಯನ್ನು ಬಗಲಲ್ಲಿಟ್ಟುಕೊಂಡ. ಮಂಗನ ಕೈಗೆ ಮಾಣಿಕ್ಯ ಸಿಕ್ಕಂತಾಯಿತು.

ನಮ್ಮ ಕಡೆ ಎಂಥ ಬೇನೆಗಾದರೂ ಬರೆ ಹಾಕುತ್ತಿದ್ದರು. ವಾಸಿಯಾಗದಿದ್ದರೆ ಬರೆಯನ್ನು ಯಾರೂ ಬಯ್ಯುತ್ತಿರಲಿಲ್ಲ, ಜಾಗ ತಪ್ಪಿತು ಎನ್ನುತ್ತಿದ್ದರು. ಮಾವ ಅಂಗಳದಲ್ಲಿ ಹಾಳೆಯನ್ನು ಬಿಸಿಲಿಗೆ ಹಿಡಿದು, "ಈಗ ಜಾಗಾ ಸಿಕ್ಕೇತಿ ನೋಡ್ರಿ! ಡಾಕ್ಟರ ಬಟ್ಟು ಇಟ್ಟು ತೋರಿಸ್ಯಾನ. ಇನ್ನ ಕಡಿಯೂದು ಯಾಕ? ಕುಂಟಿನ್ನ ಹ್ಯಾಂಗ ಮನಿ ತುಂಬಿಸ್ಕೊಳ್ಳೂದು?" ಎಂದ. ಬಂದವರೆಲ್ಲ ತಲೆಯಾಡಿಸಿದರು.

ಹಿರೇಕೆರೂರ ಕಡೆಯಿಂದ ಬರೆ ಹಾಕುವವನು ಬಂದ. ತಂಗಿಯ ಮೊಣಕಾಲಿನ ಮೇಲೆ ಹಾಳೆ ಇಟ್ಟು, ಇದ್ದಲಿಯಿಂದ ಗುರುತು ಮಾಡಿದ. ಒಲೆಯಲ್ಲಿ ಕುಡಗೋಲು ಕೆಂಪಗಾಗಿತ್ತು. ಅವ್ವ ಒನಕೆ ಎತ್ತಿಕೊಂಡು ಬಂದು ಮಾವನ ಹೆಗಲಿಗೆ ಹೊಡೆದಳು. ಅವನು ಅವಳ ಹೊಟ್ಟೆಗೆ ಒದ್ದು, ಜುಟ್ಟು ಹಿಡಿದು ಎಳೆದು, ಕೋಣೆಯೊಳಗೆ ನೂಕಿ ಚಿಲಕ ಹಾಕಿದ. ನಾನು ಅವನ ಮುಂಗೈ ಕಚ್ಚಿದೆ, ಬಾಯಿಗೆ ರಕ್ತ ಬಂತು. ಅವನು ಬೀಸಿದ ಏಟಿಗೆ ಗೋಡೆಗೆ ಹೋಗಿ ಬಿದ್ದೆ. ಮೂರು ಕಡೆ ಸುಟ್ಟರು. ಒಳಗಿಂದ ಅವ್ವ ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ತಂಗಿಯ ಕಿರುಚಾಟ ಒಮ್ಮೆಲೇ ನಿಂತಾಗ ಸತ್ತಳೆಂದೇ ತಿಳಿದೆ. ಎಚ್ಚರ ತಪ್ಪಿತ್ತು, ಅಷ್ಟೆ.

ಬರೆ ಹುಣ್ಣಾಗಿ ಕೀವು ತುಂಬಿತು. ಅದು ಮಾಯುವವರೆಗೆ ಹುಡುಗಿಯನ್ನು ಅಲುಗಾಡಿಸಬಾರದೆಂದು ಮಾವ ಹೊಸ್ತಿಲಲ್ಲೇ ಕುಳಿತ. ಕೊನೆಗೊಂದು ದಿನ ಅವನು ಹೊಲಕ್ಕೆ ಹೋದಾಗ ಅವ್ವ ಅವಳನ್ನು ಬೆನ್ನಿಗೆ ಕಟ್ಟಿಕೊಂಡು, ನನ್ನ ಕೈ ಹಿಡಿದುಕೊಂಡು ಬಸ್ಸು ಹತ್ತಿದಳು. ಡಾಕ್ಟರು ಈ ಸಲ ಎದೆಯ ಎಕ್ಸ್‌ರೇ ತೆಗೆಸಿದರು. ಅದರಲ್ಲಿ ಜೋಳದ ಕಾಳಿನಂಥ ಬಿಳಿ ಚುಕ್ಕೆಗಳಿದ್ದವು.

"ಕಾಲು ತಗೀರಿ ಸಾಹೇಬ್ರ, ಈಗ ಕೇಳವ್ರು ಯಾರೂ ಇಲ್ಲ, ತಗೀರಿ" ಎಂದು ಅವ್ವ ಅವರ ಪಾದ ಹಿಡಿದಳು.

"ಇನ್ನ ತಗದೂ ಉಪಯೋಗಿಲ್ಲವ್ವಾ" ಎಂದು ಅವರು ಮುಖ ತಿರುಗಿಸಿದರು.

ಬಿಳಿಜೋಳ ತೆನೆಗಟ್ಟುವ ಹೊತ್ತಿಗೆ ತಂಗಿ ಹೋದಳು. ನಮ್ಮಲ್ಲಿ ಸತ್ತವರನ್ನು ಕಾಲು ಮಡಚಿ, ಕುಳ್ಳಿರಿಸಿ ಮಣ್ಣು ಮಾಡುತ್ತಾರೆ. ಅವಳ ಬಲಗಾಲು ಮಡಚಲಿಲ್ಲ. ತೋಡಿದ ಕುಣಿ ಸಣ್ಣದು. ಮಾವ ಅಳುತ್ತಲೇ ಎರಡೂ ಕೈಯಿಂದ ಆ ಮೊಣಕಾಲನ್ನು ಅದುಮತೊಡಗಿದ. ಒಳಗೆ ಏನೋ ಲಟಕ್ಕೆಂದಿತು.

ಅವ್ವ ಅವನ ಮೇಲೆ ಬಿದ್ದು ಮುಖವೆಲ್ಲ ಪರಚಿದಳು. "ಅವತ್ತ ಕಡೀಬ್ಯಾಡ ಅಂದಿ, ಇವತ್ತ ಮುರ್ಯಾಕತ್ತಿಯೇನೋ!"

ಯಾರೂ ಅವಳನ್ನು ಬಿಡಿಸಲಿಲ್ಲ. ಆಮೇಲೆ ಕುಣಿಯನ್ನು ಅಗಲ ಮಾಡಿದರು. ತಂಗಿ ಒಂದು ಕಾಲು ಚಾಚಿಕೊಂಡೇ ಕುಳಿತಳು.