ಹಲಗೆಯ ಹಿಂದೆ ಒಂದು ಸೀಸನ್

ನಮ್ಮ ಊರಿನಲ್ಲಿ ನನ್ನ ಭಾವನಷ್ಟು ಗೋಲುಗಳನ್ನು ಲೆಕ್ಕಕ್ಕೆ ಹಿಡಿದವರು ಇನ್ನೊಬ್ಬರಿಲ್ಲ. ಹಾಗೆಯೇ, ಅವರಷ್ಟು ಕಡಿಮೆ ಗೋಲು ನೋಡಿದವರೂ ಇಲ್ಲ.

ಭಾವ ವಾರದ ದಿನಗಳಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಾರೆ. ಮ್ಯಾಚ್ ಇದ್ದ ದಿನ ಫುಟ್‌ಬಾಲ್ ಮೈದಾನದ ಸ್ಕೋರ್ ಹಲಗೆಯ ಹಿಂದೆ ಏಣಿ ಹತ್ತಿ ಕೂರುತ್ತಾರೆ. ಹಲಗೆ ಎಂದರೆ ಎರಡಾಳೆತ್ತರದ ತಗಡಿನ ಗೋಡೆ. ಅದರ ಬೆನ್ನಿಗೆ ಒಂದು ಇಕ್ಕಟ್ಟಾದ ಕೋಣೆ, ಒಂದು ಬಲ್ಬು, ಟರ್ಪೆಂಟೈನ್ ವಾಸನೆ ಮತ್ತು ಬಾಡಿಗೆ ಕೊಡದೆ ವಾಸವಿರುವ ಪಾರಿವಾಳಗಳು. ಗೋಲ್ ಆದರೆ ಹಳೆಯ ಅಂಕೆಯ ತಗಡನ್ನು ಕೊಕ್ಕೆಯಿಂದ ತೆಗೆದು ಹೊಸದನ್ನು ನೇತುಹಾಕಬೇಕು. ಅವರ ಸೋದರಮಾವ ಇದೇ ಏಣಿಯ ಮೇಲೆ ಕೂತು ಮುದುಕರಾದರು. ಭಾವ ಬಾಲ್ಯದಲ್ಲಿ ಮಾವನಿಗೆ ತಗಡು ಎತ್ತಿಕೊಡಲು ಬಂದವರು ಮತ್ತೆ ಹೊರಗೆ ಹೋಗಲೇ ಇಲ್ಲ.

ಆ ಕೋಣೆಯಿಂದ ಆಟ ಕಾಣುವುದಿಲ್ಲ. ತಗಡು ಬದಲಿಸುವಾಗ ಮಾತ್ರ ಅಂಕೆಯ ಜಾಗದಲ್ಲಿ ಒಂದು ಕಿಟಕಿ ತೆರೆದುಕೊಂಡು ಮುಚ್ಚುತ್ತದೆ. ಅಂದರೆ ಗೋಲ್ ಆದ ಮೇಲೆ. ಹಾಗಾಗಿ ಭಾವ ಕಂಡ ಫುಟ್‌ಬಾಲ್ ಎಂದರೆ ಗಂಡಸರು ಓಡಿಬಂದು ಒಬ್ಬರನ್ನೊಬ್ಬರು ತಬ್ಬಿಕೊಳ್ಳುವ ಆಟ. ಎದುರಾಳಿ ಗೋಲ್ ಹೊಡೆದಾಗ ನಮ್ಮ ಗಂಡಸರು ಸೊಂಟದ ಮೇಲೆ ಕೈಯಿಟ್ಟು ಪರಸ್ಪರ ಗುರಾಯಿಸುವ ಆಟ. ನಾನೊಮ್ಮೆ ಹಲಗೆಗೊಂದು ತೂತು ಕೊರೆದರೆ ನೋಡಬಹುದಲ್ಲ ಎಂದೆ. ಹೆತ್ತತಾಯಿಯ ಫೋಟೋಗೆ ಮೊಳೆ ಹೊಡೆಯಲು ಹೇಳಿದವನನ್ನು ನೋಡುವಂತೆ ನೋಡಿದರು. ಟೀವಿಯಲ್ಲಾದರೂ ನೋಡಿ ಎಂದರೆ ಅದಕ್ಕೂ ತಕರಾರು. "ಅದ್ರಲ್ಲಿ ಒಂದೇ ಗೋಲನ್ನ ನಾಲ್ಕು ಸಲ ತೋರಿಸ್ತಾರೆ. ಅದನ್ನ ನಂಬಿ ನಾನು ನಾಲ್ಕು ಹಾಕಿದ್ರೆ?"

ಅವರ ನಂಬಿಕೆಯೆಲ್ಲ ಕಿವಿಯ ಮೇಲೆ. ನಮ್ಮ ಗೋಲಿಗೆ ಮುಂಚೆ ಇಡೀ ಮೈದಾನ ಒಮ್ಮೆ ಉಸಿರೆಳೆದುಕೊಳ್ಳುತ್ತದಂತೆ, ಆಮೇಲೆ ಕೂಗು. ಚೆಂಡು ಕಂಬಕ್ಕೆ ಬಡಿದರೆ ಕೂಗು ನಡುವೆ ಮುರಿದು ನರಳುತ್ತದಂತೆ. ಎದುರಾಳಿಯ ಗೋಲಿಗೆ ಮೌನ, ಆ ಮೌನದಲ್ಲಿ ಯಾರೋ ಒಬ್ಬ ನಮ್ಮ ಗೋಲ್‌ಕೀಪರನ ವಂಶವನ್ನು ಜಾಲಾಡುವ ಸದ್ದು.

ಹೋದ ವರ್ಷ ಯಾರೂ ಎಣಿಸದ್ದು ನಡೆದುಹೋಯಿತು. ನಮ್ಮ ತಂಡ ಮೊದಲ ಸಲ ದೇಶದ ಅತಿ ಮೇಲಿನ ಲೀಗ್‌ಗೆ ಏರಿತು. ಮೈದಾನ ತಪಾಸಣೆಗೆ ಲೀಗ್‌ನ ಸಾಹೇಬರು ಬಂದರು. ಹಲಗೆಯ ಮುಂದೆ ನಿಂತು ಮನಸಾರೆ ನಕ್ಕು, ಪಕ್ಕದಲ್ಲೊಂದು ಸೆಲ್ಫಿ ತೆಗೆಸಿಕೊಂಡು, ಈ ಸೀಸನ್ ಹೇಗೋ ನಡೆಸಿ, ಮುಂದಿನ ಸೀಸನ್ನಿಗೂ ಮೇಲಿನ ಲೀಗಿನಲ್ಲೇ ಇದ್ದರೆ ಲೈಟಿನ ಬೋರ್ಡು ಕಡ್ಡಾಯ, ಕೆಳಗಿಳಿದರೆ ನಿಮ್ಮ ಹಲಗೆ ನಿಮಗೆ ಎಂದು ಹೇಳಿ ಹೋದರು.

ಇದರ ಅರ್ಥ ಸಣ್ಣ ಮಗುವಿಗೂ ಆಗುವಂಥದ್ದು. ತಂಡ ಉಳಿದರೆ ಭಾವ ಹೋಗುತ್ತಾರೆ, ತಂಡ ಹೋದರೆ ಭಾವ ಉಳಿಯುತ್ತಾರೆ. ಭಾವ ಕೇಳಿಸಿಕೊಂಡು ತಲೆಯಾಡಿಸಿ, ಸೊನ್ನೆಗೆ ಎರಡನೇ ಕೋಟ್ ಬಣ್ಣ ಹಚ್ಚುವುದನ್ನು ಮುಂದುವರಿಸಿದರಂತೆ. ಅಕ್ಕ ಮಾತ್ರ ಅಂದಿನಿಂದ ನಮ್ಮ ತಂಡದ ಕಟ್ಟಾ ವಿರೋಧಿಯಾದಳು. ಅದಕ್ಕೆ ಕಾರಣ ಸಂಬಳವಲ್ಲ, ಅದು ಅವರ ಬ್ರಶ್ಶಿಗೂ ಸಾಲದು. ಈ ಮನುಷ್ಯನನ್ನು ರಜಾದಿನವೂ ಮನೆಯಲ್ಲಿ ಕೂರಿಸಿದರೆ ಮಂಕಾಗಿಬಿಡುತ್ತಾರೆ ಎಂಬುದು ಅವಳ ಭಯ. ಅದನ್ನು ಹಾಗೆ ಹೇಳುವಷ್ಟು ಮೆತ್ತನೆಯವಳಲ್ಲ ನಮ್ಮಕ್ಕ. ಭಾವ ಮ್ಯಾಚಿಗೆ ಹೊರಟರೆ ಹಿಂದಿನಿಂದ, "ಒಳ್ಳೇ ರೀತೀಲಿ ಸೋತು ಬನ್ನಿ" ಅನ್ನುತ್ತಿದ್ದಳು.

ಕೆಳಗಿನಿಂದ ತಗಡು ಎತ್ತಿಕೊಡುತ್ತಿದ್ದವಳು ಅಕ್ಕನೇ. ಈ ಸೀಸನ್ನಿನಲ್ಲಿ ಅವಳ ಮಂಡಿ ಹಿಡಿದುಕೊಂಡಿತು. ನಾನು ಪತ್ರಿಕೆಗಳಿಗೆ ನಗೆಬರಹ ಬರೆಯುವವನಾದ್ದರಿಂದ ಸದಾ ಬಿಡುವಾಗಿರುತ್ತೇನೆಂದು ನಮ್ಮ ಮನೆಯವರ ತೀರ್ಮಾನ. ಹೀಗೆ ಆ ಹುದ್ದೆ ನನ್ನ ಹೆಗಲಿಗೆ ಬಂತು. ಮೊದಲ ದಿನವೇ ಭಾವ ಆರನ್ನು ತೋರಿಸಿ, ಇದನ್ನೇ ತಲೆಕೆಳಗು ಮಾಡಿದರೆ ಒಂಬತ್ತು, ಹುಷಾರಾಗಿ ಕೊಡು ಎಂದರು. ಆ ಎಚ್ಚರಿಕೆ ಅನಗತ್ಯವಾಗಿತ್ತು. ನಮ್ಮ ತಂಡಕ್ಕೆ ಮೊದಲರ್ಧ ಸೀಸನ್ ಒಂದು ಎಂಬ ಅಂಕೆಯೇ ಬೇಕಾಗಲಿಲ್ಲ. ಎದುರಾಳಿಗಳ ತಗಡುಗಳು ತೆಗೆದು ಹಾಕಿ, ತೆಗೆದು ಹಾಕಿ ಬಣ್ಣ ಕಿತ್ತುಬಂದಿದ್ದವು, ನಮ್ಮವು ಮದುವೆಗೆ ಬಂದ ಉಡುಗೊರೆ ಪಾತ್ರೆಗಳ ಹಾಗೆ ಹೊಳೆಯುತ್ತಿದ್ದವು. ಅಕ್ಕನಿಗೆ ಸಂತೋಷವೋ ಸಂತೋಷ, ನನಗೆ ನಡುನೋವು.

ಆಮೇಲೆ ಕೊಕ್ಕರೆ ಬಂದ. ಉದ್ದ ಕಾಲಿನ, ಬಗ್ಗಿದ ಕತ್ತಿನ ಮುಂಚೂಣಿ ಆಟಗಾರ. ಬೇರೆ ಕ್ಲಬ್ಬಿನವರು ಯಾರಿಗಾದರೂ ಬೇಕಾದರೆ ತೊಗೊಳ್ಳಿ ಎಂದು ಬಿಟ್ಟವನನ್ನು ನಮ್ಮವರು ತಂದಿದ್ದರು. ಬಂದ ದಿನವೇ ತಲೆಯಿಂದ ಒಂದು, ಮುಂದಿನ ವಾರ ಮೊಣಕಾಲಿನಿಂದ ಒಂದು, ಅದರ ಮುಂದಿನ ಸಲ ಬೆನ್ನಿನಿಂದ. ಅವನ ಮೈಯಲ್ಲಿ ಗೋಲ್ ಹೊಡೆಯದ ಅಂಗವೆಂದರೆ ಕಾಲು ಮಾತ್ರ. ಊರಿಗೆ ಹುಚ್ಚು ಹಿಡಿಯಿತು. ಕ್ಷೌರದಂಗಡಿಯವನು ಅರ್ಧ ಗಡ್ಡ ಕೆರೆದು ಸ್ಕೋರು ಕೇಳಲು ಹೊರಗೋಡುತ್ತಿದ್ದ, ಉಳಿದರ್ಧ ಇದ್ದವನೂ ಹಿಂದೆಯೇ ಓಡುತ್ತಿದ್ದ. ಭಾವ ಏಣಿಯ ಮೇಲೆ ಹಾಡತೊಡಗಿದರು. ಪಾರಿವಾಳಗಳು ಮನೆ ಬದಲಿಸಿದವು. ಊಟದ ಹೊತ್ತಿಗೆ ಅಕ್ಕ ಸಾರಿನ ಸೌಟನ್ನು ಪಾತ್ರೆಗೆ ಹಾಕುವ ಸದ್ದಿನಿಂದಲೇ ನಾವು ಗೆದ್ದಿದ್ದೇವೆಂದು ಪಕ್ಕದ ಮನೆಯವರಿಗೆ ತಿಳಿಯುತ್ತಿತ್ತು.

ಕೊನೆಯ ಮ್ಯಾಚ್ ಬಂದಾಗ ಲೆಕ್ಕ ಹೀಗೆ ನಿಂತಿತ್ತು. ಪಟ್ಟಿಯ ಕೊನೆಯ ಮೂರು ತಂಡಗಳು ಕೆಳಗಿಳಿಯಬೇಕು, ಆ ಮೂರರಲ್ಲಿ ಮೇಲಿನದು ನಮ್ಮದು. ನಾವು ಗೆಲ್ಲಬೇಕು, ಅದೇ ಹೊತ್ತಿಗೆ ಬೇರೆ ಊರಿನಲ್ಲಿ ಆಡುತ್ತಿದ್ದ, ನಮಗಿಂತ ಒಂದು ಸ್ಥಾನ ಮೇಲಿದ್ದ ತಂಡ ಸೋಲಬೇಕು. ಎರಡೂ ಆದರೆ ನಾವು ಉಳಿಯುತ್ತೇವೆ. ಅಂದು ಅಕ್ಕ ಮಂಡಿಗೆ ಪಟ್ಟಿ ಸುತ್ತಿಕೊಂಡು ತಾನೂ ಬರುತ್ತೇನೆಂದು ಹೊರಟಳು. ಕೊನೆಯದೇ ಆಗಿಬಿಡಬಹುದಾದ ಮ್ಯಾಚನ್ನು ತಪ್ಪಿಸಿಕೊಳ್ಳುವುದಿಲ್ಲ ಎಂದಳು. ಕೋಣೆಯಲ್ಲಿ ನಾವು ಮೂವರು. ಏಣಿಯ ಮೇಲೆ ಗೆಲುವು ಬೇಡುವವರು, ಸ್ಟೂಲಿನ ಮೇಲೆ ಸೋಲು ಬೇಡುವವಳು, ನಡುವೆ ತಗಡು ಹಿಡಿದ ನಾನು.

ಮೊದಲರ್ಧ ಸೊನ್ನೆ ಸೊನ್ನೆ. ಕೋಣೆ ಕಾದ ಬಾಣಲೆಯಂತಿತ್ತು. ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಹೊರಗೆ ಒಂದು ಮೂಲೆಯಲ್ಲಿ ಎದ್ದ ಕೂಗು ಮೈದಾನದ ಸುತ್ತ ಹರಿದು ಬಂದು ನಮ್ಮ ತಗಡನ್ನು ನಡುಗಿಸಿತು. ಭಾವ "ಒಂದು" ಎಂದು ಕೈ ಚಾಚಿದರು. ನಾನು ಕೊಟ್ಟೆ. ಸೊನ್ನೆ ಇಳಿಯಿತು, ಕಿಟಕಿ ತೆರೆಯಿತು, ಒಂದು ಏರಿತು. ಭಾವ ಮಾತ್ರ ಅಲ್ಲೇ ಕಲ್ಲಾದರು.

"ಏನಾಯ್ತ್ರೀ?" ಎಂದಳು ಅಕ್ಕ.

"ಯಾರೂ ಯಾರನ್ನೂ ತಬ್ಕೊಂಡಿಲ್ಲ. ಎಲ್ಲಾ ನನ್ನೇ ನೋಡ್ತಿದಾರೆ."

ಆ ಕೂಗು ಬೇರೆ ಊರಿನ ಸುದ್ದಿಯದು. ಅಲ್ಲಿ ನಮ್ಮ ಮೇಲಿನ ತಂಡಕ್ಕೆ ಗೋಲ್ ಬಿದ್ದಿದೆಯೆಂದು ಮೊಬೈಲು ಹಿಡಿದವರೊಬ್ಬರಿಗೆ ತಿಳಿದು, ಅವರಿಂದ ಇಡೀ ಮೈದಾನಕ್ಕೆ ಹಬ್ಬಿತ್ತು. ನಮ್ಮ ಚೆಂಡು ಇನ್ನೂ ಮಧ್ಯದ ಗೆರೆಯ ಹತ್ತಿರ ಉರುಳುತ್ತಿತ್ತು. ರೆಫರಿ ಆಟ ನಿಲ್ಲಿಸಿ ಹಲಗೆಯತ್ತ ಬೊಟ್ಟು ಮಾಡಿದರಂತೆ. ಎದುರಾಳಿ ಗೋಲ್‌ಕೀಪರ್ ಬಲೆಯೊಳಗೆ ಹೋಗಿ, ತನಗೆ ತಿಳಿಯದಂತೆ ಏನಾದರೂ ಬಂದಿದೆಯೇ ಎಂದು ಹುಡುಕಿದನಂತೆ. ನಗು ಅಲೆಯಂತೆ ಬಂತು, ಅದರ ಹಿಂದೆ ಶಿಳ್ಳೆ. ಭಾವ ಒಂದನ್ನು ಇಳಿಸಿ ಸೊನ್ನೆ ಹಾಕಿದರು. ಉಸಿರೆಳೆದದ್ದು ಕೇಳಲೇ ಇಲ್ಲವಲ್ಲ, ನಾನು ಕಾಯಲಿಲ್ಲವಲ್ಲ ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡರು. ಮಾವನ ಕಾಲದಿಂದ ಆ ಹಲಗೆ ಒಂದೂ ಸುಳ್ಳು ಹೇಳಿರಲಿಲ್ಲ. ಅಕ್ಕ ಕೂಡ ಆಗ, ಹೋಗಲಿ ಬಿಡಿ ಎಂದು ಸಮಾಧಾನ ಹೇಳಿದಳು. ಅದು ನಿಜಕ್ಕೂ ಗಂಭೀರ ಪರಿಸ್ಥಿತಿ.

ಆಟ ಮುಗಿಯುತ್ತ ಬಂತು. ಇದ್ದಕ್ಕಿದ್ದಂತೆ ಮತ್ತೊಂದು ಕೂಗು. ಇದಕ್ಕೆ ಮುಂಚೆ ಉಸಿರೆಳೆದದ್ದು ಭಾವನ ಕಿವಿಯಿಲ್ಲದ ನನಗೂ ಕೇಳಿತ್ತು. ನಾನು ಒಂದನ್ನು ಎತ್ತಿ ಹಿಡಿದೆ. ಭಾವ ಕೈ ಚಾಚಲಿಲ್ಲ.

"ಭಾವ, ಗೋಲು."

"ನಿಂಗೆ ಹ್ಯಾಗೆ ಗೊತ್ತು? ಇದೂ ಆ ಊರಿಂದಿದ್ರೆ?"

ಹೊರಗೆ ಕೂಗು ನಿಲ್ಲಲಿಲ್ಲ. ಅದು ಲಯಕ್ಕೆ ತಿರುಗಿತು. ಇಡೀ ಮೈದಾನ ಚಪ್ಪಾಳೆ ತಟ್ಟಿ, ಹಾಕು, ಹಾಕು ಎಂದು ನಮ್ಮ ತಗಡಿನ ಗೋಡೆಗೆ ಹೇಳುತ್ತಿತ್ತು. ಭಾವ ಸೊನ್ನೆಯ ಅಂಚನ್ನು ಹಿಡಿದುಕೊಂಡೇ ಇದ್ದರು. ಒಮ್ಮೆ ನಗೆಗೀಡಾದ ಅಂಜಿಕೆಯೋ, ಈ ತಗಡು ನೇತುಹಾಕಿದರೆ ತನ್ನ ಏಣಿಯನ್ನು ತಾನೇ ಒದ್ದಂತೆ ಎಂಬುದು ಆಗಷ್ಟೇ ತಲೆಗೆ ಹೊಕ್ಕಿತೋ, ಕೇಳುವ ಧೈರ್ಯ ನನಗಿರಲಿಲ್ಲ. ತಗಡು ಭಾರವಾಗಿತ್ತು, ಅದೊಂದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ.

ಅಕ್ಕ ಎದ್ದಳು. ಪಟ್ಟಿ ಸುತ್ತಿದ ಮಂಡಿಯನ್ನು ಎಳೆದುಕೊಂಡು ಪಕ್ಕದ ಸಣ್ಣ ಬಾಗಿಲು ತೆರೆದು ಹೊರಗೆ ಹೋದಳು. ನಾವಿಬ್ಬರೂ ಆ ಬಾಗಿಲನ್ನೇ ನೋಡಿದೆವು. ಸೀಸನ್ ಪೂರ್ತಿ ಸೋಲಿಗೆ ಹರಕೆ ಹೊತ್ತವಳು ಅವಳು. ಒಂದು 'ಇಲ್ಲ' ಎಂದಿದ್ದರೆ ಭಾವ ಇನ್ನಷ್ಟು ಹೊತ್ತು ನಂಬುತ್ತಿದ್ದರು. ಅವಳು ತಿರುಗಿ ಬಂದು ಹೊಸ್ತಿಲಲ್ಲಿ ನಿಂತಳು. ಮುಖ ಕೆಂಪಗಾಗಿತ್ತು.

"ಹಾಕ್ರೀ," ಎಂದಳು. "ನಮ್ದೇ. ಚೆಂಡು ಬಲೇಲಿದೆ, ಆ ಕೊಕ್ಕರೇನೂ ಬಲೇಲಿದಾನೆ. ಏನು ಮುಖ ನೋಡ್ತೀರಾ, ಹಾಕಿ."

ಭಾವ ಹಾಕಿದರು. ಆ ಕ್ಷಣ ಎದ್ದ ಗದ್ದಲವನ್ನು ಬರೆಯಲು ಹೋದರೆ ನನ್ನ ಕಸುಬಿನ ಮಿತಿ ಗೊತ್ತಾಗಿಬಿಡುತ್ತದೆ. ಗೋಲಿಗಿಂತ ಅದನ್ನು ಹಾಕಿದ್ದಕ್ಕೇ ಜನ ಹೆಚ್ಚು ಕೂಗಿದರೆಂದು ಆಮೇಲೆ ಎಲ್ಲರೂ ಹೇಳಿದರು. ಕೊನೆಯ ಸೀಟಿ ಊದಿದಾಗ ಬೇರೆ ಊರಿನ ತಂಡವೂ ಸೋತಿತ್ತು. ಭಾವ ಏಣಿಯಿಂದ ಇಳಿದು ಬಂದರು, ಅಕ್ಕ ಅವರ ಕುತ್ತಿಗೆಗೆ ಬಿದ್ದಳು, ಇಬ್ಬರೂ ಕುಣಿದರು. ಕುಣಿದಿದ್ದರಲ್ಲಿ ಅವಳ ಮಂಡಿ ಮತ್ತೆ ಹಿಡಿದುಕೊಂಡಿತು. ಮನೆಗೆ ಹೊತ್ತುಕೊಂಡು ಹೋಗುವ ಕೆಲಸಕ್ಕೆ, ಕೇಳಬೇಕೆ, ನಾನಿದ್ದೆ.

ಮಳೆಗಾಲದಲ್ಲಿ ಹಲಗೆಯನ್ನು ಬಿಚ್ಚಿದರು. ಲೈಟಿನ ಬೋರ್ಡು ಬಂತು. ಅಕ್ಕ ಅಂಜಿದಂತೆ ಭಾವ ಕೆಲವು ದಿನ ಮನೆಯ ಗೋಡೆಗಳನ್ನು ನೋಡುತ್ತ ಕೂತರು, ಆಮೇಲೆ ಅವಕ್ಕೆ ಬಣ್ಣ ಬಳಿದರು, ಆಮೇಲೆ ನಮ್ಮ ಮನೆಯ ಗೋಡೆಗೂ ಕೈ ಹಾಕಿದರು. ಹೊಸ ಸೀಸನ್ನಿನ ಮೊದಲ ಮ್ಯಾಚಿನ ಬೆಳಿಗ್ಗೆ ಅಕ್ಕ ಹೋಗಿ ಟಿಕೆಟ್ ತಂದಳು, ಗೋಲ್ ಕಂಬದ ಹಿಂದಿನ ಸಾಲಿನಲ್ಲಿ, ಎರಡೇ ಎರಡು. ಅವಳನ್ನು ಕೈಹಿಡಿದು ಗೇಟಿನವರೆಗೆ ತಲುಪಿಸಿ ಹೊರಗೆ ಕಾಯುವ ಜವಾಬ್ದಾರಿ ನನ್ನದು.

ಅಂದು ಕೊಕ್ಕರೆ ಹೊಡೆದ. ಅದೂ ಕಾಲಿನಿಂದಲೇ. ಭಾವ ಅಷ್ಟು ವರ್ಷಗಳಲ್ಲಿ ಮೊದಲ ಸಲ ಒಂದು ಗೋಲನ್ನು ಬುಡದಿಂದ ತುದಿವರೆಗೆ ನೋಡಿದರು. ಸುತ್ತ ಎಲ್ಲರೂ ಎದ್ದು ಕುಣಿಯುತ್ತಿದ್ದರೂ ಅವರು ಕೂತೇ ಇದ್ದರಂತೆ. ಅಕ್ಕ ಗಾಬರಿಯಾಗಿ ಭುಜ ಅಲುಗಾಡಿಸಿದಳಂತೆ. ಭಾವ ಅವಳ ಕಡೆ ತಿರುಗಿ, "ಇಷ್ಟು ಬೇಗ ಆಗೋಗುತ್ತೇನೇ?" ಎಂದರಂತೆ. ಆಮೇಲೆ ಸೀಟಿನ ಮೇಲೆ ಹತ್ತಿ ನಿಂತು, ಇನ್ನೊಂದು ಹೊಡೀರೋ ಎಂದು ಕೂಗತೊಡಗಿದ ಅವರ ದನಿ ಗೇಟಿನ ಹೊರಗಿದ್ದ ನನಗೂ ಕೇಳಿಸಿತು.