ಒಂದೇ ಮನೆಯ ಒಂಬತ್ತು ಡೆಂಗಿ

ಯಾವ ಆಸ್ಪತ್ರೆಯಲ್ಲಿ ಡೆಂಗಿ ಪತ್ತೆಯಾದರೂ ಉಡುಪಿಯ ನಮ್ಮ ಆರೋಗ್ಯ ಇಲಾಖೆ ಕಚೇರಿಯ ಕಂಪ್ಯೂಟರಿಗೆ ತಾನಾಗಿಯೇ ವರದಿ ಬರುತ್ತದೆ. ಆ ದಿನ ಹಿಂದಿನ ವಾರದ ಪಟ್ಟಿ ತೆರೆದರೆ ಒಂಬತ್ತು ರೋಗಿಗಳು, ಎಲ್ಲರೂ ಮಲ್ಪೆಯ ಒಂದೇ ಮನೆಯವರು! ಸೊಳ್ಳೆಗೆ ಹೊಗೆ ಬಿಡುವ ಫಾಗಿಂಗ್ ಯಂತ್ರ ಹೊತ್ತುಕೊಂಡು ಓಡಿದೆವು.

ಮನೆಯೊಡತಿ ಸುಮತಿಯಕ್ಕ ಯಂತ್ರ ನೋಡಿ ಮೊದಲು ಗಾಬರಿಯಾದರು, ವಿಷಯ ಕೇಳಿ ನಕ್ಕುಬಿಟ್ಟರು. "ಇಲ್ಲಿರುವುದು ನಾನು, ನನ್ನ ಗಂಡ, ಒಂದು ಬೆಕ್ಕು. ಅವರೆಲ್ಲ ನಮ್ಮ ಮೀನಿನ ಬೋಟಿನ ಕೆಲಸದವರು ಮಾರಾಯ್ರೆ. ಅವರ ಊರು ದೂರ ಅಲ್ವಾ? ಇಲ್ಲಿ ಮಲಗುವುದೂ ಬೋಟಿನಲ್ಲೇ. ಆಸ್ಪತ್ರೆಯಲ್ಲಿ ವಿಳಾಸ ಕೇಳಿದರೆ ನಮ್ಮದೇ ಕೊಡುವುದು."

"ಈಗ ಎಲ್ಲಿದ್ದಾರೆ?"

"ಜ್ವರ ಬಿಟ್ಟಿತು, ಕಡಲಿಗೆ ಹೋದರು."

ಪುಣ್ಯಕ್ಕೆ ಅವರು ಫೋನಿಗೆ ಸಿಕ್ಕಿದರು. "ನಾವು ಆರಾಮ! ಬಂಗುಡೆ ಮೀನು ರಾಶಿ ಉಂಟು!" ಎಂಬ ಕೂಗು ಕೇಳಿ ನಮಗೂ ಖುಷಿಯೋ ಖುಷಿ. ಬೋಟಿಗೆ ಕಟ್ಟಿದ ಟಯರುಗಳಲ್ಲಿ ನೀರು ನಿಂತಿದ್ದರೆ ಚೆಲ್ಲಿ ಎಂದೆ.

ಕಚೇರಿಗೆ ಬಂದು ಮನೆ ನಂಬರಿನ ಜಾಗದಲ್ಲಿ ಬೋಟಿನ ನಂಬರ್ ಹಾಕಿದೆ. ಕಂಪ್ಯೂಟರ್ ತಕರಾರಿಲ್ಲದೆ ಒಪ್ಪಿತು. ಒಪ್ಪಿದ್ದಲ್ಲದೆ, "ಇಂದೇ ಮನೆ ಭೇಟಿ ಮಾಡಿ" ಎಂದು ಆಶಾ ಕಾರ್ಯಕರ್ತೆಗೆ ಸಂದೇಶವನ್ನೂ ಕಳಿಸಿತು.

ಸ್ವಲ್ಪ ಹೊತ್ತಿನಲ್ಲಿ ಆಕೆಯ ಫೋನ್ ಬಂತು. "ಸರ್, ಸುಮತಿಯಕ್ಕನ ಹತ್ತಿರ ಕೇಳಿದೆ. ಈ ಮನೆ ನಾಡಿದ್ದು ದಡಕ್ಕೆ ಬರುತ್ತದಂತೆ. ನಾನು ಕಾಯುವುದಾ, ಈಜುವುದಾ?"