ಮಾನ್ವಿಯಲ್ಲಿ ಬಸ್ಸು ನಿಂತ ಹತ್ತು ನಿಮಿಷ

ಬಾಯೊಳಗೆ ಮೂರು ಬೆರಳು ಒಟ್ಟಿಗೆ ಹೋಗಬೇಕು. ನನಗೆ ಎರಡೇ ಹೋಗುತ್ತವೆ. "ಇನ್ನೊಮ್ಮೆ ಗುಟ್ಕಾ ಮುಟ್ಟಿದ್ರ ಒಂದೂ ಹೋಗಂಗಿಲ್ಲ ನೋಡ್ರಿ," ಎಂದಿದ್ದರು ರಾಯಚೂರಿನ ದಂತವೈದ್ಯರು. ಪಾಠ ಹೇಳಿ ಬದುಕುವವನಿಗೆ ಇದಕ್ಕಿಂತ ದೊಡ್ಡ ಭಯ ಯಾವುದಿದೆ?

ನಾನು ಜೀವಶಾಸ್ತ್ರದ ಉಪನ್ಯಾಸಕ. ನಮ್ಮದು ಮಠದ ಪೂಜೆಯ ಮನೆತನ, ಈರುಳ್ಳಿಯೂ ಒಳಗೆ ಬರುವುದಿಲ್ಲ. ಆದರೂ ಒಂಬತ್ತು ವರ್ಷ ದಿನಾ ಮಾನ್ವಿ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಅಲ್ಲಿನ ಅಂಗಡಿಯಿಂದ ಎರಡು ಗುಟ್ಕಾ ಚೀಟಿ ಕೊಂಡು, ಹರಿದು, ಅಂಗೈಯಲ್ಲಿ ಬೆರೆಸಿ, ಬಾಯಿಗೆ ಒಗೆದುಕೊಳ್ಳುತ್ತಿದ್ದೆ. ಆಮೇಲೆ ಮುಕ್ಕಳಿಸಿ ತರಗತಿಗೆ. ಅಲ್ಲಿ ಮಾಡುತ್ತಿದ್ದ ಪಾಠವೇನು? ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಒಸರಿದಾಗ, ಆ ಗಳಿಗೆಯಲ್ಲಿ ಕೆಲಸ ಮಾಡುತ್ತಿದ್ದ ನರಕೋಶಗಳ ನಡುವಿನ ಕೊಂಡಿ ಗಟ್ಟಿಯಾಗುತ್ತದೆ, ವರ್ಷಗಟ್ಟಲೆ ಹಾಗೇ ಉಳಿಯುತ್ತದೆ ಎಂದು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ವೈದ್ಯರು ಹೆದರಿಸಿದ ಮೇಲೆ ಬಿಟ್ಟೆ. ಆ ನಿಲ್ದಾಣದ ಸಹವಾಸವೇ ಬೇಡವೆಂದು ದೇವದುರ್ಗಕ್ಕೆ ವರ್ಗ ಮಾಡಿಸಿಕೊಂಡೆ. ಹನ್ನೊಂದು ತಿಂಗಳು ಆಸೆ ಹತ್ತಿರ ಸುಳಿಯಲಿಲ್ಲ. ಬಳಸದ ಕೊಂಡಿ ಸಡಿಲಾಗುತ್ತದೆ ಎಂದೂ ಪುಸ್ತಕದಲ್ಲಿದೆ. ನನ್ನದು ಸಡಿಲಾಯಿತೆಂದು ಒಳಗೊಳಗೇ ಬೀಗಿದೆ.

ಮೊನ್ನೆ ಪೋತ್ನಾಳದಲ್ಲಿ ನೆಂಟರ ಮನೆಯ ತೊಟ್ಟಿಲ ಕಾರ್ಯವಿತ್ತು. ಹೆಂಡತಿಯೊಡನೆ ಹೊರಟೆ. ಬಸ್ಸು ಮಾನ್ವಿ ನಿಲ್ದಾಣದ ಕಡೆ ತಿರುಗಿತಷ್ಟೇ, ಅಂಗಡಿ ಕಣ್ಣಿಗೆ ಬೀಳುವ ಮೊದಲೇ ಬಾಯಲ್ಲಿ ನೀರೂರಿತು. ಬಲಗೈ ತಾನಾಗಿ ಜೇಬಿಗಿಳಿಯಿತು. ನನಗೆ ಅಳುವೇ ಬಂದಿತು. ಬೋನಿನ ಸರಳುಗಳನ್ನು ಒಂದೊಂದಾಗಿ ಹೆಸರಿಸಬಲ್ಲೆ, ಹೊರಗೆ ಬರಲಾರೆ.

"ಹತ್ತು ನಿಮಿಷ ಅದ, ಚಾ ಕುಡಿಯೋರು ಕುಡೀರಿ," ಎಂದು ಕಂಡಕ್ಟರ್ ಇಳಿದ. ನಾನೂ ಎದ್ದೆ.

"ಎಲ್ಲಿಗ್ರೀ?"

"ನೀರು ತರ್ತೀನಿ."

ತುಂಬಿದ ಬಾಟಲಿ ಅವಳ ತೊಡೆಯ ಮೇಲೇ ಇತ್ತು. ಅವಳು ಅದನ್ನೇ ನನ್ನತ್ತ ಚಾಚಿದಳು. ನಾಚಿಕೆಯಾಗಿ ಕುಳಿತೆ.

"ನನ್ನ ಕೈ ಹಿಡ್ಕೋ. ಬಸ್ ಬಿಡೂತನಕ ಬಿಡಬ್ಯಾಡ."

ಇಪ್ಪತ್ತು ವರ್ಷದ ಸಂಸಾರದಲ್ಲಿ ನಾಲ್ಕು ಜನರೆದುರು ಅವಳ ಕೈ ಮುಟ್ಟಿದವನಲ್ಲ ನಾನು. ಅವಳು ಎರಡೂ ಕೈಯಿಂದ ನನ್ನ ಮಣಿಕಟ್ಟು ಹಿಡಿದಳು. ಬಳೆ ಒತ್ತಿ ನೋವಾಯಿತು. ಕಿಟಕಿಯಾಚೆ ಅಂಗಡಿಯವನು ನನ್ನ ಗುರುತು ಹಿಡಿದು ನಗುತ್ತಾ ಕೈಯೆತ್ತಿದ. ತಲೆ ತಗ್ಗಿಸಿದೆ.

ಕೊನೆಗೂ ಬಸ್ಸು ಹೊರಟಿತು. ಗೆದ್ದೆನೆಂಬಂತೆ ಅವಳ ಮುಖ ನೋಡಿದೆ. ಅವಳು ಕೈ ಬಿಡಲಿಲ್ಲ.

"ಸಂಜಿಗೆ ಇದೇ ದಾರಿಲೇ ವಾಪಸ್ ಬರಬೇಕಲ್ರೀ," ಎಂದಳು.